ಸ್ಕ್ಯಾನ್‌ನಲ್ಲಿ ಗಂಟು ಇದೆಯಂತೆ, ಜೊತೆಗೆ ಬರಲು ಯಾರೂ ಇಲ್ಲ

ಪ್ರಶ್ನೆ: ನನಗೆ 61 ವರ್ಷ. ಕಾಪು ಹತ್ತಿರದ ಹಳ್ಳಿಯಲ್ಲಿ ಒಬ್ಬಳೇ ಇದ್ದೇನೆ. ಐದು ತಿಂಗಳ ಹಿಂದೆ ಯಜಮಾನರು ಗಂಟಲ ಕ್ಯಾನ್ಸರ್‌ನಿಂದ ತೀರಿಕೊಂಡರು. ರೇಡಿಯೇಷನ್, ಮೂಗಿನ ನಳಿಗೆ, ಎಲ್ಲ ನಾನೇ ನೋಡಿಕೊಂಡೆ. ಒಬ್ಬನೇ ಮಗ ದುಬೈಯಲ್ಲಿ. ಸುದ್ದಿ ಕೇಳಿ ಓಡಿ ಬಂದ, ಬಂದು ಮುಟ್ಟುವಾಗ ಎಲ್ಲ ಮುಗಿದಿತ್ತು. ಈಗ ಸೊಸೆಗೆ ಏಳು ತಿಂಗಳು. ನನಗೆ ಎರಡು ತಿಂಗಳಿಂದ ಒಣ ಕೆಮ್ಮು. ಐದು ಕೆ.ಜಿ. ಇಳಿದಿದ್ದೇನೆ, ದುಃಖಕ್ಕೆ ಎಂದುಕೊಂಡಿದ್ದೆ. ಸಿಟಿ ಸ್ಕ್ಯಾನ್‌ನಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 2.4 ಸೆಂ.ಮೀ. ಗಂಟು, ಅಂಚು ಮುಳ್ಳುಮುಳ್ಳು, ಕ್ಯಾನ್ಸರ್ ಇರಬಹುದು, ಬಯಾಪ್ಸಿ ಮಾಡಿಸಿ ಎಂದು ಬರೆದಿದ್ದಾರೆ. ನಾನು ಬೀಡಿ ಕಟ್ಟಿದವಳು, ಸೇದಿದವಳಲ್ಲ. ಸೇದಿದ್ದು ಅವರು. ಸೂಜಿ ತಾಗಿದರೆ ಹರಡುತ್ತದೆ ಅಂತಾರೆ, ಹೌದಾ? ವರ್ಷಾಂತಿಕ ಮುಗಿಯುವ ತನಕ ಕಾಯಬಹುದಾ? ಅವರು ಹೋದ ಆಸ್ಪತ್ರೆಯ ಮೆಟ್ಟಿಲು ಹತ್ತಲು ನನಗೆ ಕಾಲೇ ಬರುವುದಿಲ್ಲ. ಯಾರಿಗೂ ಹೇಳಿಲ್ಲ. ಅವರ ನಿದ್ದೆ ಮಾತ್ರೆ ಸ್ವಲ್ಪ ಉಳಿದಿದೆ, ಕೆಲವು ರಾತ್ರಿ ಅರ್ಧ ನುಂಗಿ ಮಲಗುತ್ತೇನೆ. ರಿಪೋರ್ಟ್ ಓದಿದಾಗ ಒಂದು ಗಳಿಗೆ ‘ಒಳ್ಳೆಯದೇ ಆಯಿತು’ ಅನ್ನಿಸಿತು. ಇದು ತಪ್ಪಾ?

ಶ್ವಾಸಕೋಶ ತಜ್ಞರ ಉತ್ತರ: ವರ್ಷಾಂತಿಕದ ತನಕ ಕಾಯಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಕಾರಣ ಇಷ್ಟೇ. ಗಂಟು ಕ್ಯಾನ್ಸರೇ ಆಗಿದ್ದರೆ ಅದರ ಘನಗಾತ್ರ (ಉದ್ದ, ಅಗಲ, ದಪ್ಪ ಮೂರೂ ಸೇರಿದ ಲೆಕ್ಕ) ಇಮ್ಮಡಿಯಾಗಲು ಸಾಮಾನ್ಯವಾಗಿ ಒಂದು ತಿಂಗಳಿನಿಂದ ಒಂದು ವರ್ಷದವರೆಗೆ ಬೇಕಾಗುತ್ತದೆ. ನಡುವಿನ ಲೆಕ್ಕ ಹಿಡಿದು 100 ದಿನ ಅನ್ನೋಣ. ಹಾಗಾದರೆ ಇವತ್ತಿನ 2.4 ಸೆಂ.ಮೀ. ಅಡ್ಡಳತೆ, ವರ್ಷಾಂತಿಕಕ್ಕೆ ಉಳಿದ ಏಳು ತಿಂಗಳಲ್ಲಿ 3.9ರ ಹತ್ತಿರ ಹೋಗುತ್ತದೆ. ನಮಗೆ 3 ಸೆಂ.ಮೀ. ಒಂದು ಗಡಿ. ಅದರೊಳಗಿದ್ದು, ಲಿಂಫ್ ಗ್ರಂಥಿಗೂ ಬೇರೆ ಅಂಗಕ್ಕೂ ಹೋಗಿಲ್ಲದಿದ್ದರೆ ಅದು ಮೊದಲನೇ ಹಂತದ ಶುರು. ಆ ಹಂತದಲ್ಲಿ ಆಪರೇಷನ್ ಮಾಡಿ ಆ ಭಾಗ ತೆಗೆದರೆ ಗುಣವಾಗುವವರೇ ಜಾಸ್ತಿ. ಆಪರೇಷನ್ ತಡೆಯದವರಿಗೆ ಗಂಟಿಗೆ ಮಾತ್ರ ಗುರಿಯಿಟ್ಟು ಕೊಡುವ ರೇಡಿಯೇಷನ್ ಇದೆ. ಎರಡು ಮೂರು ವಾರ ಆಚೀಚೆ ಆದರೆ ಏನೂ ಆಗುವುದಿಲ್ಲ. ಅಷ್ಟು ಸಮಯ ನಿಮಗಿದೆ. ಏಳು ತಿಂಗಳು ಇಲ್ಲ.

ಇದು ಕ್ಯಾನ್ಸರ್ ಹೌದಾ? ‘ಏನೂ ಇಲ್ಲ, ಧೈರ್ಯವಾಗಿರಿ’ ಎಂದು ಸುಮ್ನೆ ಬರೆಯಲಾರೆ. ಮುಳ್ಳಿನಂಥ ಅಂಚು, ಮೇಲ್ಭಾಗದ ಜಾಗ, ನಿಮ್ಮ ವಯಸ್ಸು, ಇವೆಲ್ಲ ಸೇರಿದರೆ ಸಂಶಯ ಹೆಚ್ಚೇ. ಆದರೆ ನಮ್ಮ ದೇಶದಲ್ಲಿ ಟಿಬಿ ಎಂಬುದೊಂದಿದೆ. ಅದು ಕೂಡ ಶ್ವಾಸಕೋಶದ ಮೇಲ್ಭಾಗವನ್ನೇ ಹಿಡಿಯುತ್ತದೆ. ವಾಸಿಯಾದ ಟಿಬಿಯ ಕಲೆಯೂ ಸ್ಕ್ಯಾನ್‌ನಲ್ಲಿ ಮುಳ್ಳುಮುಳ್ಳಾಗಿ ಕಾಣಬಹುದು. ಪೆಟ್ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಹೊಳೆಯುವಂತೆ ಟಿಬಿಯೂ ಹೊಳೆಯುತ್ತದೆ. ಚಿತ್ರ ನೋಡಿ ತೀರ್ಪು ಕೊಡಲು ಆಗುವುದಿಲ್ಲ, ಅದಕ್ಕೇ ಬಯಾಪ್ಸಿ, ಅಂದರೆ ಸೂಜಿ ಹಾಕಿ ಗಂಟಿನ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು.

ಒಂದು ಕೆಲಸ ಇವತ್ತೇ ಮಾಡಿ. ಮನೆಯಲ್ಲಿ ನಿಮ್ಮ ಎದೆಯ ಹಳೆಯ ಎಕ್ಸ್‌ರೇ ಇದೆಯಾ ಹುಡುಕಿ. ಕಣ್ಣಿನ ಪೊರೆಗೋ, ಗರ್ಭಕೋಶದ ಆಪರೇಷನ್‌ಗೋ ಮೊದಲು ತೆಗೆಸಿರಬಹುದು. ಎರಡು ವರ್ಷಕ್ಕೂ ಹಳೆಯ ಚಿತ್ರದಲ್ಲಿ ಇದೇ ಗಂಟು ಇಷ್ಟೇ ಗಾತ್ರದಲ್ಲಿದ್ದರೆ ಡಾಕ್ಟರ ಯೋಚನೆಯ ದಿಕ್ಕೇ ಬದಲಾಗುತ್ತದೆ. ಸಿಗದಿದ್ದರೂ ಚಿಂತೆ ಇಲ್ಲ. ಸಿಟಿ ಸ್ಕ್ಯಾನಿನ ಸಿಡಿ ಮಾತ್ರ ಮರೆಯಬೇಡಿ. ಬರೀ ಕಾಗದದ ರಿಪೋರ್ಟ್ ಹಿಡಿದು ಬಂದವರಿಗೆ ನಾವು ಅರ್ಧ ಉತ್ತರವನ್ನಷ್ಟೇ ಕೊಡಲು ಸಾಧ್ಯ.

ಇನ್ನು ಸೂಜಿಯ ವಿಷಯ. ಸೂಜಿ ತಾಗಿ ಕ್ಯಾನ್ಸರ್ ಹರಡುವುದು ತೀರಾ ಅಪರೂಪ. ಆ ಹೆದರಿಕೆಯಿಂದ ಬಯಾಪ್ಸಿ ಬಿಟ್ಟರೆ ಆಗುವ ನಷ್ಟವೇ ದೊಡ್ಡದು. ಈ ಮಾತು ಹೇಗೆ ಹುಟ್ಟಿತು ಎಂದು ನನಗೆ ಅರ್ಥವಾಗುತ್ತದೆ. ಎಷ್ಟೋ ಜನ ಕಾಯಿಲೆ ಮುಂದುವರಿದ ಮೇಲೆಯೇ ಬರುತ್ತಾರೆ. ಬಯಾಪ್ಸಿ ಆಗುತ್ತದೆ, ಕಾಯಿಲೆ ತನ್ನ ಪಾಡಿಗೆ ಬೆಳೆಯುತ್ತದೆ, ಅಪವಾದ ಸೂಜಿಯ ತಲೆಗೆ ಕಟ್ಟುತ್ತದೆ. ನಿಜವಾದ ತೊಂದರೆ ಬೇರೆ ಇದೆ. ಕೆಲವರಿಗೆ ಸೂಜಿ ಹಾಕಿದ ಮೇಲೆ ಶ್ವಾಸಕೋಶದ ಹೊರಗೆ ಗಾಳಿ ಸೇರುತ್ತದೆ. ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ, ಕೆಲವರಿಗೆ ಸಣ್ಣ ಟ್ಯೂಬ್ ಹಾಕಬೇಕಾಗುತ್ತದೆ. ಅದಕ್ಕೇ ಕೆಲವು ಗಂಟೆ ಮಲಗಿಸಿ, ಎಕ್ಸ್‌ರೇ ತೆಗೆದು ಕಳಿಸುತ್ತಾರೆ. ಮನೆಗೆ ಬಂದ ಮೇಲೆ ಇದ್ದಕ್ಕಿದ್ದಂತೆ ಎದೆನೋವು, ಏದುಸಿರು ಬಂದರೆ 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ನೀವಾಗಿ ನಿಲ್ಲಿಸಬೇಡಿ.

ಬಯಾಪ್ಸಿ ಮಾಡುವ ಡಾಕ್ಟರಿಗೆ ಇನ್ನೊಂದು ಮಾತು ಕೇಳಿ: ‘ತೆಗೆದ ತುಣುಕಿನಲ್ಲಿ ಟಿಬಿಗೂ ಪರೀಕ್ಷೆ ಕಳಿಸುತ್ತೀರಾ?’ ಕ್ಯಾನ್ಸರ್ ನೋಡುವ ತುಣುಕನ್ನು ಫಾರ್ಮಲಿನ್‌ನಲ್ಲಿ ಹಾಕುತ್ತಾರೆ. ಟಿಬಿ ಕಲ್ಚರ್‌ಗೆ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಗೆ) ಅದು ಆಗುವುದಿಲ್ಲ, ಸಲೈನ್‌ನಲ್ಲಿ ಬೇರೆ ತುಣುಕು ಬೇಕು. ಆ ಹೊತ್ತಿಗೆ ನೆನಪಾಗದಿದ್ದರೆ ಮತ್ತೆ ಸೂಜಿ ಹಾಕಿಸಿಕೊಳ್ಳಬೇಕಾದೀತು. ಹಾಗೆಯೇ, ಕಫದಲ್ಲಾಗಲಿ ತುಣುಕಿನಲ್ಲಾಗಲಿ ಟಿಬಿಗೆ ಪುರಾವೆ ಇಲ್ಲದೆ ‘ಆರು ತಿಂಗಳು ಟಿಬಿ ಮಾತ್ರೆ ತಿಂದು ನೋಡೋಣ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಮ್ಮಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಡವಾಗಿ ಸಿಗಲು ಇದೂ ಒಂದು ದೊಡ್ಡ ಕಾರಣ.

ಆಸ್ಪತ್ರೆ ಬದಲಿಸಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅದೇ ಕಾರಿಡಾರ್, ಅದೇ ವಾಸನೆ, ಅದೇ ಬಿಲ್ ಕೌಂಟರ್ ಎಂದು ಹೆದರಿ ಮೂರು ಸಲ ಅಪಾಯಿಂಟ್‌ಮೆಂಟ್ ತಪ್ಪಿಸುವುದಕ್ಕಿಂತ ಬಸ್ಸಿನಲ್ಲಿ ಇನ್ನೊಂದು ಗಂಟೆ ಕೂರುವುದು ಒಳ್ಳೆಯದು. ಕರಾವಳಿಯಲ್ಲಿ ಆ ಒಂದು ಅನುಕೂಲ ನಮಗಿದೆ. ಮಣಿಪಾಲ ಒಂದು ಕಡೆ, ಮಂಗಳೂರು ಇನ್ನೊಂದು ಕಡೆ, ನಡುವೆ ಮೆಡಿಕಲ್ ಕಾಲೇಜುಗಳೇ ಎಷ್ಟೋ. ಮಣಿಪಾಲದ ಕಸ್ತೂರ್ಬಾ, ಕಂಕನಾಡಿಯ ಫಾದರ್ ಮುಲ್ಲರ್, ಹೀಗೆ ಆಯ್ಕೆ ಇದೆ. ಸಂಬಂಧಿಕರು ‘ಬೊಂಬಾಯಿಗೆ ಹೋಗಿ, ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ತೋರಿಸಿ’ ಎನ್ನುತ್ತಾರೆ. ಪರೀಕ್ಷೆ ಇಲ್ಲೇ ಆಗಲಿ. ಬೇಕೆನಿಸಿದರೆ ಆಮೇಲೆ ನಿಮ್ಮ ಬಯಾಪ್ಸಿ ತುಣುಕು ಇಟ್ಟಿರುವ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೇಳಿ ಪಡೆದು ಎರಡನೇ ಅಭಿಪ್ರಾಯಕ್ಕೆ ಕಳಿಸಬಹುದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಎಂದು ಮೊದಲೇ ಯೋಜನೆಯ ಕೌಂಟರಿನಲ್ಲಿ ಕೇಳಿಕೊಳ್ಳಿ.

ಈಗ ಬೀಡಿಯ ಮಾತು. ನೀವು ಕೇಳಿದ್ದು ಒಂದೇ ಸಾಲು, ‘ಸೇದಿದ್ದು ಅವರು’ ಎಂದು. ಅದರಲ್ಲಿ ಸಿಟ್ಟಿದೆ ಅಂತ ನನಗೆ ಅನ್ನಿಸಿತು. ಇರಲಿ. ಮನೆಯಲ್ಲಿ ಒಬ್ಬರು ಸೇದಿದರೆ ಸೇದದವರಿಗೂ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸ್ವಲ್ಪ ಏರುತ್ತದೆ, ಸುಳ್ಳಲ್ಲ. ಬಚ್ಚಲ ಒಲೆಯ ಸೌದೆ ಹೊಗೆಯೂ ಶಂಕಿತರ ಪಟ್ಟಿಯಲ್ಲಿದೆ. ಇದ್ಯಾವುದೂ ಇಲ್ಲದೆ ಕಾಯಿಲೆ ಬಂದವರೂ ನಮ್ಮಲ್ಲಿ ಬಹಳ ಜನ. ಹಾಗಾಗಿ ನಿಮ್ಮೊಬ್ಬರ ಗಂಟಿಗೆ ಯಾವುದು ಕಾರಣ ಎಂದು ಯಾವ ಡಾಕ್ಟರೂ ಬೆರಳು ತೋರಿಸಲಾರರು. ಗಂಟು ಏನೆಂಬುದೇ ಇನ್ನೂ ಗೊತ್ತಿಲ್ಲ. ಆದರೂ ಸಿಟ್ಟು ಬಂದೇ ಬರುತ್ತದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎಂದು ನಮ್ಮಲ್ಲಿ ಒಂದು ಕಟ್ಟಳೆ, ಆದ್ದರಿಂದ ಹೆಂಗಸರು ಅದನ್ನು ನುಂಗಿಕೊಂಡು ಕೂರುತ್ತಾರೆ. ಇಷ್ಟು ವರ್ಷ ಸೇದಬೇಡಿ ಎಂದು ಹೇಳಿ ಹೇಳಿ ಸೋತವರು, ಆಮೇಲೆ ಅವರ ನಳಿಗೆಯಲ್ಲಿ ಗಂಜಿ ಹಾಕಿದವರು, ಸಿಟ್ಟು ಮಾಡದೆ ಇನ್ನೇನು ಮಾಡಬೇಕು? ಗೋಡೆಯ ಮೇಲಿನ ಫೋಟೋಕ್ಕೆ ಒಮ್ಮೆ ಜೋರಾಗಿ ಬೈದುಬಿಡಿ. ಪ್ರೀತಿ ಕಡಿಮೆಯಾಗುವುದಿಲ್ಲ. ಕಟ್ಟಿದ ಬೀಡಿಯ ಬಗ್ಗೆ ನೀವು ತಪ್ಪಿತಸ್ಥ ಭಾವ ಇಟ್ಟುಕೊಳ್ಳುವುದೂ ಬೇಡ. ಈ ಕಡೆ ಎಷ್ಟು ಮಕ್ಕಳ ಸ್ಕೂಲ್ ಫೀಸು ಆ ಹಣದಿಂದಲೇ ಹೋಗಿಲ್ಲ! ಎಲೆಪುಡಿಯ ಧೂಳಿನಲ್ಲಿ ಕೂತಿದ್ದ ವಿಷಯ ಡಾಕ್ಟರಿಗೆ ಮಾತ್ರ ಹೇಳಿ, ಕೆಮ್ಮಿಗೆ ಅದೂ ಕಾರಣವಿರಬಹುದು.

ನಿಮ್ಮ ರಿಪೋರ್ಟನ್ನು ನೀವು ಅವರ ಕಾಯಿಲೆಯ ಕನ್ನಡಕದಲ್ಲಿ ಓದುತ್ತಿದ್ದೀರಿ. ಅದು ಸಹಜ, ಆದರೆ ಲೆಕ್ಕ ತಪ್ಪು. ಗಂಟಲ ಕ್ಯಾನ್ಸರ್ ಬೇರೆ, ಶ್ವಾಸಕೋಶದ್ದು ಬೇರೆ. ನಿಮಗೆ ಮೂಗಿನ ನಳಿಗೆಯೇ ಬರುತ್ತದೆ ಎಂದೇನೂ ಇಲ್ಲ. ಬೀಡಿ ಸಿಗರೇಟು ಸೇದದ ಹೆಂಗಸರಲ್ಲಿ ಬರುವ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಆಗಾಗ ಸಿಗುತ್ತದೆ. ಅಂಥವರಿಗೆ, ಕಾಯಿಲೆ ಮುಂದುವರಿದಿದ್ದರೂ, ಕೀಮೋ ಬದಲು ದಿನಕ್ಕೊಂದು ಮಾತ್ರೆಯಲ್ಲೇ ಚಿಕಿತ್ಸೆ ಶುರುವಾಗಬಹುದು. ಈ ಜೀನ್ ಪರೀಕ್ಷೆಗೆ ಬಯಾಪ್ಸಿ ರಿಪೋರ್ಟಿಗಿಂತ ಹೆಚ್ಚು ದಿನ ಹಿಡಿಯುತ್ತದೆ. ಯಾರೋ ಮರೆತಿದ್ದಾರೆ ಎಂದು ಗಾಬರಿಯಾಗಬೇಡಿ.

ತೂಕ ಇಳಿದದ್ದು, ಊಟ ಸೇರದ್ದು, ಎದೆ ಬಿಗಿಯುವುದು, ಇವು ದುಃಖದಲ್ಲೂ ಬರುತ್ತವೆ, ಈ ಕಾಯಿಲೆಯಲ್ಲೂ ಬರುತ್ತವೆ. ಯಾವುದು ಯಾವುದರದ್ದು ಎಂದು ನೀವು ವಿಂಗಡಿಸಬೇಕಾಗಿಲ್ಲ. ಗಂಡ ತೀರಿಕೊಂಡದ್ದನ್ನೂ ಡಾಕ್ಟರಿಗೆ ಹೇಳಿ. ಕೆಮ್ಮಿನಲ್ಲಿ ರಕ್ತ ಬಂದರೆ, ಮುಖ ಕತ್ತು ಊದಿದರೆ, ಉಸಿರಿಗೆ ಕಷ್ಟವಾದರೆ ಅಪಾಯಿಂಟ್‌ಮೆಂಟ್ ಕಾಯದೆ ಹೋಗಿ.

‘ಒಳ್ಳೆಯದೇ ಆಯಿತು’ ಅನ್ನಿಸಿದ್ದು ತಪ್ಪಲ್ಲ. ಇಷ್ಟು ವರ್ಷ ಜೊತೆಗಿದ್ದವರು ಹೋದಾಗ, ನಾನೂ ಹೋದರೆ ಮುಗಿಯಿತಲ್ಲ ಎಂದು ಅನೇಕರಿಗೆ ಅನ್ನಿಸುತ್ತದೆ. ಬಾಯಿಬಿಟ್ಟು ಹೇಳುವವರು ಕಡಿಮೆ. ಆದರೆ ನಾನು ನೇರವಾಗಿ ಕೇಳಬೇಕು: ಆ ಯೋಚನೆ ಬಂದು ಹೋಯಿತಾ, ಮತ್ತೆ ಮತ್ತೆ ಬರುತ್ತದಾ, ಏನಾದರೂ ಮಾಡಿಕೊಳ್ಳೋಣ ಎನ್ನುವ ಮಟ್ಟಕ್ಕೆ ಹೋಗುತ್ತದಾ? ಮತ್ತೆ ಮತ್ತೆ ಬರುತ್ತಿದ್ದರೆ ಇವತ್ತೇ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ರಾತ್ರಿ ಎರಡು ಗಂಟೆಗೂ ಕನ್ನಡದಲ್ಲಿ ಮಾತಾಡಬಹುದು. ದುಡ್ಡು ಇಲ್ಲ.

ಆ ನಿದ್ದೆ ಮಾತ್ರೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಡಾಕ್ಟರನ್ನು ಕಾಣುವ ದಿನ ಉಳಿದ ಮಾತ್ರೆಯ ಸ್ಟ್ರಿಪ್ ಪೂರ್ತಿ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಡಿ. ಅಲ್ಲಿಯವರೆಗೆ ನೆರೆಮನೆಯವರ ಹತ್ತಿರ ಕೊಟ್ಟಿಡಿ. ಅವು ಉಸಿರಾಟವನ್ನು ನಿಧಾನ ಮಾಡುತ್ತವೆ, ಅದೂ ಬೇರೆಯವರ ಡೋಸು. ಎಷ್ಟು ದಿನದಿಂದ ನುಂಗುತ್ತಿದ್ದೀರಿ ಎಂದು ಮುಚ್ಚಿಡದೆ ಹೇಳಿ. ದಿನಾ ನುಂಗುವ ಅಭ್ಯಾಸ ಆಗಿದ್ದರೆ ಹೇಗೆ ಬಿಡಬೇಕೆಂದು ಅವರೇ ಹೇಳುತ್ತಾರೆ. ನಿದ್ದೆ ಬೇಕೇ ಬೇಕು, ಅದಕ್ಕೆ ನಿಮ್ಮ ಹೆಸರಿನ ಚೀಟಿ ಇರಲಿ.

ಒಬ್ಬರೇ ಹೋಗುವ ಬಗ್ಗೆ. ಒಪ್ಪಿಗೆ ಪತ್ರಕ್ಕೆ ನೀವೇ ಸಹಿ ಹಾಕಬಹುದು, ಮಗನೇ ಬರಬೇಕು ಅಂತಿಲ್ಲ. ಆದರೆ ಬಯಾಪ್ಸಿ ದಿನ ಒಬ್ಬರು ಜೊತೆಗೆ ಬೇಕು. ಮಂಪರಿನ ಮದ್ದು ಕೊಟ್ಟರೆ ಒಬ್ಬರೇ ಮನೆಗೆ ಕಳಿಸುವುದಿಲ್ಲ. ಮನೆಯಲ್ಲೂ ಆ ರಾತ್ರಿ ಯಾರಾದರೂ ಮಲಗಲು ಬಂದರೆ ಒಳ್ಳೆಯದು. ಇಡೀ ಊರಿಗೆ ಹೇಳಬೇಕಾಗಿಲ್ಲ. ಹೇಳಿದರೆ ಅರ್ಧ ಜನ ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಲು ಹೇಳುತ್ತಾರೆ, ಇನ್ನರ್ಧ ಜನ ಯಾರದೋ ಸಾವಿನ ಕಥೆ ಹೇಳುತ್ತಾರೆ. ಮಾತು ಕಡಿಮೆ ಆಡುವ ಒಬ್ಬರನ್ನು ಆರಿಸಿ. ಸ್ವಸಹಾಯ ಸಂಘದ ಗೆಳತಿ, ನಾದಿನಿ, ಆಶಾ ಕಾರ್ಯಕರ್ತೆ, ಯಾರೂ ಆದೀತು. ‘ಸಹಾಯ ಮಾಡಿ’ ಎನ್ನಬೇಡಿ, ಅದಕ್ಕೆ ಜನ ತಬ್ಬಿಬ್ಬಾಗುತ್ತಾರೆ. ‘ಗುರುವಾರ ಬೆಳಿಗ್ಗೆ ನನ್ನ ಜೊತೆ ಬಂದು ಫೈಲ್ ಹಿಡಿದು ಕೂತಿರಿ’ ಎನ್ನಿ. ಅಂಥವರು ಸಿಗದಿದ್ದರೆ ದೊಡ್ಡ ಆಸ್ಪತ್ರೆಗಳಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್ ಇರುತ್ತಾರೆ, ಮೊದಲ ಭೇಟಿಯಲ್ಲೇ ವಿಚಾರಿಸಿ. ರಿಪೋರ್ಟನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಬೇಡಿ, ಡಾಕ್ಟರ ಮುಂದೆಯೇ ನೋಡುತ್ತೇನೆ ಎಂದೂ ಹೇಳಿಬಿಡಿ. ರಾತ್ರಿ ಒಬ್ಬರೇ ಕೂತು ಇಂಗ್ಲಿಷ್ ಪಿಡಿಎಫ್ ಓದುವ ಶಿಕ್ಷೆ ಯಾರಿಗೂ ಬೇಡ.

ಮಗನಿಗೆ ಹೇಳಿ. ಸೊಸೆಗೆ ಯಾವಾಗ ಹೇಳಬೇಕೆಂದು ಅವನೇ ತೀರ್ಮಾನಿಸಲಿ. ಅಪ್ಪನ ವಿಷಯದಲ್ಲಿ ತಡವಾದ ನೋವು ಅವನಿಗೂ ಇದೆ, ಅಲ್ವಾ? ನೀವು ಮುಚ್ಚಿಟ್ಟರೆ ಅದೇ ಇನ್ನೊಮ್ಮೆ ಆಗುತ್ತದೆ. ಬಯಾಪ್ಸಿಗೆ ದಿನ ಗೊತ್ತಾದ ಮೇಲೆ ಫೋನ್ ಮಾಡಿ. ‘ಸ್ಕ್ಯಾನ್‌ನಲ್ಲಿ ಒಂದು ಗಂಟು ಕಂಡಿದೆ, ಏನೆಂದು ಗೊತ್ತಿಲ್ಲ, ಇಂಥ ದಿನ ಪರೀಕ್ಷೆ, ಇಂಥವರು ಜೊತೆಗೆ ಬರುತ್ತಾರೆ.’ ಇಷ್ಟೇ ಸಾಕು. ಕೂಡಲೇ ಟಿಕೆಟ್ ಮಾಡುತ್ತೇನೆ ಎಂದು ಅವನು ಹೊರಟರೆ, ಬಯಾಪ್ಸಿಗೆ ಬೇಡ, ರಿಪೋರ್ಟ್ ಹಿಡಿದು ಡಾಕ್ಟರನ್ನು ಕಾಣುವ ದಿನಕ್ಕೆ ಬಾ ಎನ್ನಿ. ಚಿಕಿತ್ಸೆ ಬೇಕಾ, ಯಾವುದು, ಎಲ್ಲಿ ಎಂಬ ಮಾತೆಲ್ಲ ನಡೆಯುವುದು ಆವತ್ತು. ಬರಲು ಆಗದಿದ್ದರೆ ಅದೇ ಹೊತ್ತಿಗೆ ವಿಡಿಯೊ ಕಾಲ್‌ನಲ್ಲಿ ಕೂರಲಿ. ಮೊದಲೇ ಕೇಳಿಟ್ಟರೆ ಹೆಚ್ಚಿನ ಡಾಕ್ಟರುಗಳು ಬೇಡ ಅನ್ನುವುದಿಲ್ಲ.