ಬಾಗಿಲ ಹತ್ತಿರದ ಬೂಟು

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನ ಹತ್ತಿರ ಮೊದಲು ಬಂದವರು ಮಾಜಿ ಸೈನಿಕರೊಬ್ಬರ ಹೆಂಡತಿ. "ಯುದ್ಧ ಮುಗಿದು ಹತ್ತು ತಿಂಗಳಾಯ್ತು ಮೇಡಂ. ನಮ್ಮನೆಯವರು ಈಗಲೂ ಬೂಟಿಗೆ ಪಾಲಿಶ್ ಹಾಕಿ, ಬಾಗಿಲ ಹತ್ತಿರ ಇಟ್ಟೇ ಮಲಗೋದು. ಮಲಗೋದು ಅಂದ್ರೆ ಮೂರು ಗಂಟೆ, ಅಷ್ಟೇ."

ಮುಂದಿನ ವಾರ ಗಂಡನೇ ಬಂದರು. ವಯಸ್ಸು 34, ಸೈನ್ಯದಲ್ಲಿ 11 ವರ್ಷ. ಕುರ್ಚಿಯನ್ನು ಬಾಗಿಲು ಕಾಣುವ ಹಾಗೆ ತಿರುಗಿಸಿಕೊಂಡು ಕೂತರು. ಹಳೆಯ ಕಮಾಂಡರ್ ಒಂದು ಸಶಸ್ತ್ರ ಪಡೆ ಕಟ್ಟುತ್ತಿದ್ದಾರಂತೆ. ಸರ್ಕಾರದ್ದಲ್ಲ. "ಹುಡುಗರೆಲ್ಲ ಬಂದಾಯ್ತು, ನೀನೊಬ್ಬನೇ ಬಾಕಿ" ಎಂದು ಫೋನ್ ಮಾಡಿದ್ದರು.

ಆ ಪಡೆಯ ರಾಜಕೀಯ ಏನು ಎಂದು ಕೇಳಿದೆ. ಅವರಿಗೆ ಅದು ಸರಿಯಾಗಿ ಗೊತ್ತೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಾನು ಗಮನಿಸಿದ್ದು ಬೇರೆ. ಸೈನ್ಯದ ಮಾತು ಬಂದರೆ 'ನಾವು' ಅನ್ನುತ್ತಿದ್ದರು, ಈಗಿನ ಬದುಕಿನ ಮಾತಿಗೆ 'ನಾನು'. ಈಗ ಗೋದಾಮಿನಲ್ಲಿ ಕಾವಲು ಕೆಲಸ. "ಇಲ್ಲಿ ನಾನು ಹೋಗದಿದ್ರೆ ಇನ್ನೊಬ್ಬ ಬರ್ತಾನೆ. ಅಲ್ಲಿ ನಾನಿಲ್ಲದಿದ್ರೆ ಯಾರೋ ಸಾಯ್ತಿದ್ರು." ಇದಕ್ಕೆ ನನ್ನ ಹತ್ತಿರ ಕೂಡಲೇ ಉತ್ತರ ಇರಲಿಲ್ಲ.

ಪಾಠ ಮಾಡೋದು ನನ್ನ ಕೆಲಸ ಅಲ್ಲ. ಆದರೆ ಸೈನಿಕರಿಗೆ ಸೈನಿಕರ ಕಥೆ ಬೇಗ ನಾಟುತ್ತದೆ. ಹಾಗಾಗಿ ಜರ್ಮನಿಯ ಫ್ರೈಕೋರ್, ಅಂದರೆ ಮಾಜಿ ಸೈನಿಕರು ಸೇರುತ್ತಿದ್ದ ಸ್ವಯಂಸೇವಕ ಸಶಸ್ತ್ರ ಪಡೆಗಳ ವಿಷಯ ಹೇಳಿದೆ. ಮೊದಲ ಮಹಾಯುದ್ಧದಲ್ಲಿ, 1918ರಲ್ಲಿ ಸೋತು ಮರಳಿದ ಜರ್ಮನ್ ಸೈನಿಕರಲ್ಲಿ ಸಾವಿರಾರು ಜನ ಅವುಗಳಿಗೆ ಸೇರಿದರು. ದಂಗೆ ಅಡಗಿಸಲು ಸರ್ಕಾರವೇ ಅವರನ್ನು ಬಳಸಿಕೊಂಡಿತು. ಆಮೇಲೆ ವಿಸರ್ಜಿಸಲು ಹೊರಟಾಗ, 1920ರ ಮಾರ್ಚ್‌ನಲ್ಲಿ, ಅಂಥದ್ದೇ ಒಂದು ಪಡೆ ಸರ್ಕಾರ ಉರುಳಿಸಲು ಬರ್ಲಿನ್‌ಗೆ ನುಗ್ಗಿತು. ಇರಾಕ್‌ನಲ್ಲೂ 2003ರ ಮೇ ತಿಂಗಳಲ್ಲಿ ಒಂದೇ ಆದೇಶಕ್ಕೆ ಸೈನ್ಯವನ್ನು ರದ್ದು ಮಾಡಿದರು. ಬೀದಿಗೆ ಬಿದ್ದವರಲ್ಲಿ ಕೆಲವರು ಬಂಡುಕೋರರ ಕಡೆ ಹೋದರು.

"ಬರ್ಲಿನ್‌ಗೆ ಹೋದವರು ಏನಾದ್ರು?"

"ಕಾರ್ಮಿಕರು ಮುಷ್ಕರ ಹೂಡಿದರು. ನುಗ್ಗಿದವರ ಆಟ ಒಂದು ವಾರವೂ ನಡೆಯಲಿಲ್ಲ."

ಗೆಳೆಯರನ್ನು ಬಿಟ್ಟುಬಿಡಿ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಅಲ್ಲಿಗೇ ಎದ್ದು ಹೋಗುತ್ತಿದ್ದರು. ಆ ಪಡೆಗೆ ಸೇರದ ಇಬ್ಬರು ಹಳೆಯ ಜೊತೆಗಾರರನ್ನು ವಾರಕ್ಕೊಮ್ಮೆ ಭೇಟಿಯಾಗಲು ಹೇಳಿದೆ. ನಿದ್ದೆಗಾಗಿ ಮನೋವೈದ್ಯರ ಹತ್ತಿರ ಕಳಿಸಿದೆ. ನಿದ್ದೆಗೆಟ್ಟ ತಲೆಯಲ್ಲಿ ಇಂಥ ತೀರ್ಮಾನ ಮಾಡಬಾರದು, ಅಲ್ವಾ? ಕಮಾಂಡರ್‌ಗೆ ಒಂದು ತಿಂಗಳು ಹೂಂ ಅನ್ನಬೇಡಿ, ಬದಲಿಗೆ ಕೇಳಿ ಎಂದೆ: ಗುಂಡು ತಗುಲಿದರೆ ಮನೆ ನೋಡಿಕೊಳ್ಳುವವರು ಯಾರು? ನಾಳೆ ಕೇಸಾದರೆ ಕೋರ್ಟಿನಲ್ಲಿ ನಿಲ್ಲುವವರು ಯಾರು? ಬೇಡ ಅನ್ನಿಸಿದ ದಿನ ಬಿಟ್ಟು ಬರಬಹುದಾ?

'ನಾನಿಲ್ಲದಿದ್ರೆ' ಎಂಬ ಮಾತು ಮಾತ್ರ ಕಾಡುತ್ತಲೇ ಇತ್ತು. ಕಾಲು ಕಳೆದುಕೊಂಡ ಮಾಜಿ ಸೈನಿಕರಿಗೆ ನಡಿಗೆ ಕಲಿಸುವ ಕೇಂದ್ರವೊಂದಕ್ಕೆ ಆಳು ಬೇಕಿತ್ತು. ವಾರಕ್ಕೆ ಎರಡು ದಿನ ಹೋಗಿ ನೋಡಿ ಎಂದೆ. ಒಂದು ದಿನ ತಪ್ಪಿಸಿಕೊಂಡರು. ಯಾಕೆ ಬರಲಿಲ್ಲ ಎಂದು ಅಲ್ಲಿಂದ ನಾಲ್ಕು ಜನ ಫೋನ್ ಮಾಡಿದರಂತೆ. ಅದನ್ನು ಹೇಳುವಾಗ ಬೈಯುತ್ತಲೇ ಹೇಳಿದರು.

ಕೊನೆಯ ಪ್ರಶ್ನೆಗೆ ಕಮಾಂಡರ್ ಜೋರಾಗಿ ನಕ್ಕು, "ನನ್ನ ಮೇಲೇ ನಂಬಿಕೆ ಇಲ್ವಾ?" ಎಂದರಂತೆ. ಉತ್ತರ ಇನ್ನೂ ಸಿಕ್ಕಿಲ್ಲ. ಫೋನ್ ಈಗಲೂ ಬರುತ್ತಿದೆ, ಬೂಟು ಬಾಗಿಲ ಹತ್ತಿರವೇ ಇದೆ. ಮುಂದಿನ ಭೇಟಿ ಗುರುವಾರ.