ಟೊಂಕದ ನೋವು ಸಣ್ಣ ವಿಷಯ ಅಲ್ಲ, ತಂಗಿ

ಸೇಡಂ ತಾಲ್ಲೂಕಿನ ಓದುಗರೊಬ್ಬರು ಬರೆಯುತ್ತಾರೆ: "ಅಕ್ಕಾರೆ, ನನಗೀಗ 34 ವಾರ. ಎರಡನೇ ಕೂಸು. ಹದಿನೈದು ದಿನದಿಂದ ಟೊಂಕ, ತೊಡೆಸಂದಿ ವಿಪರೀತ ನೋವು. ರಾತ್ರಿ ಮಗ್ಗಲು ಬದಲಿಸಲು ಆಗುತ್ತಿಲ್ಲ. ಡಾಕ್ಟರ್ ನೋಡಿ, ಎಲ್ಲ ನಾರ್ಮಲ್ ಇದೆ, ಹೆರಿಗೆ ಆದ ಮೇಲೆ ಹೋಗುತ್ತದೆ ಅಂದರು. ಗೆಳತಿ ಕಲಬುರಗಿಗೆ ಹೋಗಿ ಅಕ್ಯುಪಂಕ್ಚರ್, ಅದೇ ಸೂಜಿ ಚುಚ್ಚುವ ಚಿಕಿತ್ಸೆ, ಮಾಡಿಸಿಕೋ ಅಂತಾಳೆ. ನಮ್ಮ ಅತ್ತೆಗೆ ಸೂಜಿ ಕೂಸಿಗೆ ತಾಗುತ್ತದೆ ಅಂತ ಭಯ. ಅವರಿಗೇ ಮೊಣಕಾಲು ನೋವು, ಎಣ್ಣೆ ಹಚ್ಚುವುದು ಬಿಟ್ಟರೆ ಬೇರೆ ಯಾವುದನ್ನೂ ನಂಬುವುದಿಲ್ಲ. ಹೋಗಲೋ ಬೇಡವೋ? ಇಷ್ಟು ಸಣ್ಣ ವಿಷಯಕ್ಕೆ ಬರೆದಿದ್ದಕ್ಕೆ ಕ್ಷಮಿಸಿ."

ಮೊದಲು ನಿಮ್ಮ ಜೊತೆ ಒಂದು ಜಗಳ ಇದೆ, ತಂಗಿ. ಪತ್ರದ ಕೊನೆಯ ಸಾಲು ನನಗೆ ಹಿಡಿಸಲಿಲ್ಲ. ಹದಿನೈದು ದಿನದಿಂದ ಸರಿಯಾಗಿ ನಿದ್ದೆ ಇಲ್ಲ, ಅದು ಸಣ್ಣ ವಿಷಯವಾ? ಯಾರು ಹೇಳಿಕೊಟ್ಟರು ನಿಮಗೆ ಹೀಗೆ ಕ್ಷಮೆ ಕೇಳುವುದನ್ನ? ಮನೆಯ ಗಂಡಸರಿಗೆ ಮೂರು ದಿನ ಟೊಂಕ ಹಿಡಿದರೆ ಹೈದರಾಬಾದ್ ತನಕ ಹೋಗಿ ತೋರಿಸಿಕೊಂಡು ಬರುತ್ತೇವೆ. ಬಸುರಿ ಹೆಂಗಸು ಮಾತ್ರ ತಡೆದುಕೊಳ್ಳಬೇಕು.

ಈ ನೋವು ನನಗೆ ಗೊತ್ತು. ಇಪ್ಪತ್ತಾರು ವರ್ಷದ ಹಿಂದೆ ಬೀದರಿನ ತವರಿನಲ್ಲಿದ್ದೆ. ಎಂಟನೇ ತಿಂಗಳು, ಮೇ ತಿಂಗಳ ಬಿಸಿಲು. ಹೊರಸಿನಿಂದ ಏಳಬೇಕಾದರೆ ಎರಡೂ ಕಾಲು ಜೋಡಿಸಿ, ಗೋಡೆ ಹಿಡಿದು, ಹಲ್ಲು ಕಚ್ಚಿ ಏಳುತ್ತಿದ್ದೆ. ತೋರಿಸಲು ಹೋದ ಕಡೆ ಡಾಕ್ಟರಮ್ಮ ಫೈಲಿನಿಂದ ತಲೆ ಎತ್ತಲಿಲ್ಲ. "ಬಸುರಿ ಅಂದ ಮೇಲೆ ಇದೆಲ್ಲ ಇದ್ದದ್ದೇ" ಅಂದರು, ಮುಂದಿನವರನ್ನು ಕರೆದರು. ಎಲ್ಲಿ ನೋಯುತ್ತದೆ ಅಂತ ಕೈ ಇಟ್ಟು ಕೇಳಿದವಳು ನಮ್ಮ ಓಣಿಯ ಮುದುಕಿ, ಸೂಲಗಿತ್ತಿ. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಅರ್ಧ ತಾಸು ಶಾಖ ಕೊಟ್ಟಳು. ಆ ರಾತ್ರಿ ನಿದ್ದೆ ಮಾಡಿದೆ.

ಇದ್ದದ್ದೇ ಅನ್ನುವ ಮಾತು ಸುಳ್ಳಲ್ಲ. ದಿನ ತುಂಬುತ್ತಾ ಬಂದಂತೆ ರಿಲ್ಯಾಕ್ಸಿನ್ ಅನ್ನುವ ಹಾರ್ಮೋನು ಮತ್ತು ಅದರ ಜೊತೆಯವು ಸೊಂಟದ ಕೀಲುಗಳನ್ನು ಸಡಿಲ ಮಾಡುತ್ತವೆ. ಹೊಟ್ಟೆಯ ಭಾರ ಮುಂದೆ ಎಳೆಯುತ್ತದೆ, ಬೆನ್ನು ಹಿಂದೆ ಬಾಗುತ್ತದೆ. ನೋವಿಗೆ ಕಾರಣ ಇದೆ. ಆದರೆ ಕಾರಣ ಗೊತ್ತಾಯಿತು ಅಂದ ಮಾತ್ರಕ್ಕೆ ಉಪಚಾರ ಬೇಡ ಅಂತ ಯಾವ ಲೆಕ್ಕ?

ಇನ್ನು ನಿಮ್ಮ ಅತ್ತೆಯವರ ಭಯ. ನಮ್ಮ ಕಡೆ ಡಾಕ್ಟರ್ ಸೂಜಿ ಮಾಡಲಿಲ್ಲ ಅಂದರೆ ಅವರು ಡಾಕ್ಟರೇ ಅಲ್ಲ ಅನ್ನುತ್ತಾರೆ. ನೆಗಡಿಗೂ ಸೂಜಿ, ಸುಸ್ತಿಗೂ ಸೂಜಿ. ಒಳಗೆ ಯಾವ ಔಷಧಿ ಹೋಯಿತು ಅಂತ ಕೇಳುವವರಿಲ್ಲ. ಔಷಧಿಯೇ ಇಲ್ಲದ ಸೂಜಿ ಅಂದ ಕೂಡಲೇ ಹೆದರುತ್ತೇವೆ. ರಕ್ತ ತೆಗೆಯುವ ಸೂಜಿ ಮುಕ್ಕಾಲು ಮಿಲಿಮೀಟರ್ ದಪ್ಪ ಇರುತ್ತದೆ. ಅಕ್ಯುಪಂಕ್ಚರ್ ಸೂಜಿ ಸುಮಾರು ಕಾಲು ಮಿಲಿಮೀಟರ್. ಕೈಕಾಲು, ಬೆನ್ನಿನಲ್ಲಿ ಸ್ವಲ್ಪವೇ ಇಳಿಸುತ್ತಾರೆ, ತಿಳಿದವರು ತುಂಬಿದ ಹೊಟ್ಟೆಯ ತಂಟೆಗೇ ಹೋಗುವುದಿಲ್ಲ. ಕೂಸಿಗೆ ತಾಗುವ ಮಾತೇ ಇಲ್ಲ. ನಾನು ಹೆದರುವುದು ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಡುವ ನೋವಿನ ಗುಳಿಗೆಗೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಕೊನೆಯ ತಿಂಗಳುಗಳಲ್ಲಿ ತಗೊಂಡರೆ ಕೂಸಿನ ಹೃದಯದ ಹತ್ತಿರದ ಒಂದು ರಕ್ತನಾಳ ಹೊಟ್ಟೆಯಲ್ಲಿರುವಾಗಲೇ ಮುಚ್ಚಿಕೊಳ್ಳುವ ಅಪಾಯ ಇದೆ, ಸುತ್ತಲಿನ ನೀರೂ ಕಡಿಮೆಯಾಗಬಹುದು. ಅತ್ತೆಯವರಿಗೆ ಇದನ್ನು ಓದಿ ಹೇಳಿ. ನೀವು ಈಗಾಗಲೇ ಅಂಥ ಗುಳಿಗೆ ನುಂಗುತ್ತಿದ್ದರೆ ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ.

ಎರಡು ವರ್ಷದ ಹಿಂದೆ ನಮ್ಮ ಅಕ್ಕನ ಮಗಳನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಹೋಗಿದ್ದೆ. ಅವಳಿಗೂ ನಿಮ್ಮಷ್ಟೇ ವಾರ, ಇದೇ ನೋವು. ಕಲಬುರಗಿಯಿಂದ ರೈಲಿನಲ್ಲಿ ಎರಡು ತಾಸು, ಅವಳು ಒಂದು ಕಡೆ ಕೂರಲಿಲ್ಲ. ಅಲ್ಲಿದ್ದ ವೈದ್ಯೆ ಮೊದಲು ಇಪ್ಪತ್ತು ನಿಮಿಷ ಬರೀ ಕೇಳಿದರು. ಎಲ್ಲಿ ನೋವು, ಮೆಟ್ಟಿಲು ಹತ್ತುವಾಗ ಹೇಗೆ, ಕೂಸು ಇವತ್ತು ಎಷ್ಟು ಸಲ ಒದ್ದಿತು. ಸ್ಕ್ಯಾನಿಂಗ್ ರಿಪೋರ್ಟು, ಬಿಪಿ, ಹಿಮೋಗ್ಲೋಬಿನ್ ನೋಡಿದರು. ಅಂಗಾತ ಮಲಗಿಸಲಿಲ್ಲ, ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತದಂತೆ. ಎಡಮಗ್ಗುಲಿಗೆ ಮಲಗಿಸಿ, ಮೊಣಕಾಲುಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಚಿದ ಚಾದರ ಇಟ್ಟರು. ಹೊಸ ಪ್ಯಾಕೆಟ್ ನಮ್ಮ ಮುಂದೆಯೇ ಹರಿದರು. ಒಟ್ಟು ಎಂಟು ಸೂಜಿ. ಅವಳು ಎರಡು ಸಲ ಮಾತ್ರ ಹುಬ್ಬು ಗಂಟು ಹಾಕಿದಳು. ಚುಚ್ಚಿದ ಹಾಗೆ ಆಗಲಿಲ್ಲ ಚಿಕ್ಕಮ್ಮ, ಒಳಗೆ ಜುಮ್ಮಂತು, ಆಮೇಲೆ ಕಾಲು ಭಾರ ಆಯ್ತು ಅಂದಳು. ಹತ್ತು ನಿಮಿಷಕ್ಕೆ ಗೊರಕೆ. ಐದು ಸಲ ಮಾಡಿಸಿಕೊಂಡಳು. ನೋವು ಪೂರ್ತಿ ಹೋಗಲಿಲ್ಲ. ರಾತ್ರಿ ಮಲಗುವಷ್ಟಾಯಿತು, ಅವಳಿಗೆ ಬೇಕಾಗಿದ್ದೂ ಅಷ್ಟೇ.

ಸೊಲ್ಲಾಪುರ ಅಂದಾಗ ಡಾಕ್ಟರ್ ದ್ವಾರಕಾನಾಥ ಕೊಟ್ನಿಸ್ ನೆನಪಾಗಲೇಬೇಕು. 1910ರಲ್ಲಿ ಅಲ್ಲಿ ಹುಟ್ಟಿದವರು. 1938ರಲ್ಲಿ ಯುದ್ಧದಲ್ಲಿದ್ದ ಚೀನಾಕ್ಕೆ ಭಾರತದಿಂದ ಹೋದ ಐದು ವೈದ್ಯರಲ್ಲಿ ಒಬ್ಬರು, 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದ ಡಾಕ್ಟರ್ ಬಿ.ಕೆ. ಬಸು ಮುಂದೆ ಚೀನಾದಲ್ಲಿ ಅಕ್ಯುಪಂಕ್ಚರ್ ಕಲಿತು, 1959ರಲ್ಲಿ ಕೋಲ್ಕತ್ತಾದಲ್ಲಿ ಶುರು ಮಾಡಿದರು. ನಮ್ಮ ಕಡೆ ಇದನ್ನು ನಿನ್ನೆ ಮೊನ್ನೆ ಬಂದ ಫ್ಯಾಶನ್ ಅನ್ನುವವರಿಗೆ ಈ ಕತೆ ಹೇಳುತ್ತಿರುತ್ತೇನೆ.

ಇದಕ್ಕೆ ಆಧಾರ ಏನು ಅಂತ ನಿಮ್ಮ ಡಾಕ್ಟರ್ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2005ರಲ್ಲಿ ಸ್ವೀಡನ್ನಿನ ಒಂದು ಅಧ್ಯಯನ ಬಂತು. ಸೊಂಟದ ಕೀಲು ನೋವಿದ್ದ 386 ಬಸುರಿಯರು. ಎಲ್ಲರಿಗೂ ಸೊಂಟಕ್ಕೆ ಕಟ್ಟುವ ಬೆಲ್ಟು, ಮನೆಯಲ್ಲಿ ಮಾಡುವ ವ್ಯಾಯಾಮ. ಕೆಲವರಿಗೆ ಅದರ ಜೊತೆ ಅಕ್ಯುಪಂಕ್ಚರ್, ಇನ್ನು ಕೆಲವರಿಗೆ ವಿಶೇಷ ವ್ಯಾಯಾಮ. ನೋವು ಎಲ್ಲರಿಗಿಂತ ಜಾಸ್ತಿ ಇಳಿದದ್ದು ಅಕ್ಯುಪಂಕ್ಚರ್ ಗುಂಪಿಗೆ. ಮೂರು ವರ್ಷದ ಮೇಲೆ ಅದೇ ತಂಡ ಚರ್ಮ ಚುಚ್ಚದ ಸುಳ್ಳು ಸೂಜಿಯ ಜೊತೆ ಹೋಲಿಸಿದಾಗ ನೋವು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ರೀತಿ ಇಳಿಯಿತು. ದಿನದ ಕೆಲಸ ಮಾಡಿಕೊಳ್ಳುವುದು ಮಾತ್ರ ನಿಜವಾದ ಸೂಜಿಯವರಿಗೆ ಸುಲಭವಾಯಿತು. ಇದನ್ನು ಹಿಡಿದು, ನೋಡಿ, ಎಲ್ಲ ಮನಸ್ಸಿನ ಆಟ ಅನ್ನುತ್ತಾರೆ. ನನಗೆ ಅದರಲ್ಲಿ ಬೇರೆಯೇ ಕಾಣುತ್ತದೆ. ಎರಡೂ ಗುಂಪಿನ ಹೆಂಗಸರ ಹತ್ತಿರ ಒಬ್ಬರು ಬಂದು ಕೂತರು, ನೋವಿರುವ ಜಾಗ ಮುಟ್ಟಿದರು, ವಾರ ವಾರ ಮತ್ತೆ ಬನ್ನಿ ಅಂದರು. ನೋವು ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಬಸುರಿಯರ ಆರೈಕೆಗೆ ಕೊಟ್ಟ ಸಲಹೆಯಲ್ಲಿ ಟೊಂಕದ ನೋವಿಗೆ ವ್ಯಾಯಾಮ ಹೇಳಿ, ಫಿಸಿಯೋಥೆರಪಿ, ಬೆಲ್ಟು, ಅಕ್ಯುಪಂಕ್ಚರ್ ಈ ಮೂರರಲ್ಲಿ ಹೆಂಗಸಿಗೆ ಬೇಕಾದದ್ದನ್ನು ಬಳಸಬಹುದು ಅಂದಿದೆ. ಹೆಂಗಸಿಗೆ ಬೇಕಾದದ್ದು! ಈ ಮಾತನ್ನು ನಮ್ಮ ಎಷ್ಟು ಆಸ್ಪತ್ರೆಗಳಲ್ಲಿ ಕೇಳಿದ್ದೀರಿ?

ಹಾಗಂತ ಯಾರ ಕೈಗೆ ಬೇಕಾದರೂ ಟೊಂಕ ಕೊಡಬೇಡಿ. ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಪ್ರತ್ಯೇಕ ಚಿಕಿತ್ಸಾ ಪದ್ಧತಿ ಅಂತ ಒಪ್ಪಿದೆ, ಆದರೂ ವಾರದ ಕೋರ್ಸ್ ಮಾಡಿ ಬೋರ್ಡು ಹಾಕಿದವರೂ ಇದ್ದಾರೆ. ಬಿ.ಎನ್.ವೈ.ಎಸ್., ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ, ಓದಿದವರಿಗೆ ಇದು ಪಾಠದಲ್ಲೇ ಇದೆ, ಅಂಥವರನ್ನು ಹುಡುಕಿ. ಎಷ್ಟು ವಾರ ಅಂತ ಮೊದಲೇ ಹೇಳಿ. ಹೆಬ್ಬೆರಳು ತೋರುಬೆರಳಿನ ನಡುವಿನ ಜಾಗ, ಒಳಗಿನ ಹರಡಿನಿಂದ ನಾಲ್ಕು ಬೆರಳು ಮೇಲಿನ ಜಾಗ, ಇವನ್ನು ದಿನ ತುಂಬುವ ಮೊದಲು ಮುಟ್ಟಬಾರದು ಅಂತ ಹಳೆಯ ನಿಯಮ. ಗೊತ್ತಾ ಅಂತ ಕೇಳಿ, ಗೊತ್ತಿಲ್ಲ ಅಂದರೆ ಎದ್ದು ಬನ್ನಿ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ, ರಕ್ತ ತೆಳು ಮಾಡುವ ಔಷಧಿ ನಡೆದಿದ್ದರೆ ಬೇಡವೇ ಬೇಡ. ನೋವು ಅಲೆ ಅಲೆಯಾಗಿ ಬಂದು ಹೋಗುತ್ತಿದ್ದರೆ, ರಕ್ತ ಅಥವಾ ನೀರು ಹೋದರೆ, ಕೂಸಿನ ಓಡಾಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ಸೂಜಿಯ ಮಾತು ಬಿಟ್ಟು 108ಕ್ಕೆ ಫೋನ್ ಮಾಡಿ. ಬೇಗ ಹೆರಿಗೆ ಆಗಲಿ, ಆಪರೇಷನ್ ತಪ್ಪಲಿ ಅಂತಲೂ ಹೋಗಬೇಡಿ. 2017ರಲ್ಲಿ 22 ಅಧ್ಯಯನಗಳನ್ನು ಒಟ್ಟಿಗೆ ನೋಡಿದ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ವರದಿಯಲ್ಲಿ ಸಿಸೇರಿಯನ್ ಕಡಿಮೆಯಾದದ್ದು ಕಾಣಲಿಲ್ಲ.

ಸಿಸೇರಿಯನ್ ಅಂದ ಮೇಲೆ ಹೇಳಿಬಿಡುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆರಿಗೆಗಳಲ್ಲಿ ಶೇ 21.5 ಆಪರೇಷನ್. ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4. ಹೆಚ್ಚು ಕಡಿಮೆ ಅರ್ಧ! ಕೊಯ್ಯಲು ಸಮಯ ಇದೆ, ಕೇಳಲು ಇಲ್ಲ. ಯಾದಗಿರಿ ಕಡೆ ಏಳು ತಿಂಗಳ ಹೊಟ್ಟೆ ಹೊತ್ತು ಹತ್ತಿ ಬಿಡಿಸುವವರನ್ನು ನೋಡಿದ್ದೇನೆ. ಗುಳೆ ಹೋಗಿ ಬೆಂಗಳೂರಿನಲ್ಲಿ ಇಟ್ಟಿಗೆ ಹೊತ್ತು, ಎಂಟರಲ್ಲಿ ಊರಿಗೆ ಬರುವ ನಮ್ಮ ಹೆಣ್ಣುಮಕ್ಕಳನ್ನೂ ನೋಡಿದ್ದೇನೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ಬಂತು, ಕಲ್ಯಾಣ ಕರ್ನಾಟಕ ಅಂತ ಹೆಸರೂ ಬಂತು, ಕಟ್ಟಡಗಳೂ ಬಂದವು. ತಾಲ್ಲೂಕು ಆಸ್ಪತ್ರೆಯಲ್ಲಿ ಬಸುರಿಯ ಟೊಂಕ ನೋಡಲೆಂದೇ ಒಬ್ಬ ಫಿಸಿಯೋಥೆರಪಿಸ್ಟ್ ಕೂರಲಿ ಅಂತ ನಾನು ಈ ಪುಟದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಇನ್ನೂ ಬರೆಯುತ್ತೇನೆ. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು ಮಾಡುವ ಕೆಲಸಕ್ಕೆ ಕೈ ಮುಗಿಯುತ್ತೇನೆ. ಆದರೆ ಅವರು ನೋವು ಇದೆ ಅಂತ ಕಳಿಸಿಕೊಟ್ಟರೆ ನೋಡುವವರು ಬೇಕಲ್ಲ?

ಹೋಗಿ, ತಂಗಿ. ನಿಮ್ಮ ಡಾಕ್ಟರಿಗೆ ಹೇಳಿಯೇ ಹೋಗಿ, ತಾಯಿ ಕಾರ್ಡು ಕೈಯಲ್ಲಿರಲಿ. ಸೇಡಂನಿಂದ ಬಸ್ಸಿಗಿಂತ ರೈಲು ವಾಸಿ, ಬೇಕೆಂದಾಗ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಡಿ, ತಲೆ ಸುತ್ತುತ್ತದೆ. ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಹತ್ತಿರ ಕೂತು ನೋಡಲಿ. ಅವರ ಮೊಣಕಾಲನ್ನೂ ಅಲ್ಲೇ ಒಂದು ಸಲ ತೋರಿಸಿ.