ಹೊನೊಲುಲು ಮ್ಯಾರಥಾನ್: ನಿಧಾನ ಓಡುವವರಿಗೆ

ಮೊದಲ ಪೂರ್ಣ ಮ್ಯಾರಥಾನಿಗೆ ಹವಾಯಿಯ ಹೊನೊಲುಲು ಆದೀತೇ, ಆರು ಗಂಟೆ ಮೀರಿದರೆ ಅರ್ಧದಲ್ಲೇ ನಿಲ್ಲಿಸುತ್ತಾರಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಹೋಗಿ. ಅಲ್ಲಿ ಸಮಯದ ಮಿತಿಯೇ ಇಲ್ಲ. ನನಗೆ ಏಳು ಗಂಟೆ ಹಿಡಿಯಿತು. ನನ್ನ ಹಿಂದೆ ಇನ್ನೂ ಎಷ್ಟೋ ಜನ ಬರುತ್ತಿದ್ದರು, ಜಪಾನಿನಿಂದ ಬಂದವರೇ ಬಹಳ.

ಡಿಸೆಂಬರ್ ಎರಡನೇ ಭಾನುವಾರ, ಬೆಳಗಿನ 5ಕ್ಕೆ ಕತ್ತಲಲ್ಲೇ ಪಟಾಕಿ ಸಿಡಿಸಿ ಶುರು ಮಾಡ್ತಾರೆ. ನಿಧಾನವಾಗಿ ಓಡಿದ್ದಕ್ಕೇ ನನಗೆ ಡೈಮಂಡ್ ಹೆಡ್ ಅನ್ನೋ ಗುಡ್ಡದ ಏರು ಹತ್ತುವಾಗ ಬೆಳಕು ಹರಿದಿತ್ತು. ಕೆಳಗೆ ಕಡಲು, ಅಲೆಯ ಬಿಳಿ ಅಂಚು... ಒಂದು ನಿಮಿಷ ನಿಂತು ನೋಡಿದೆ. ನೀವೂ ನಿಲ್ಲಿ.

ಕಷ್ಟ ಇರುವುದು ಹವಾಯಿ ಕೈ ಬಡಾವಣೆ ಸುತ್ತಿ ವಾಪಸ್ ಬರುವಾಗ. ಹೆದ್ದಾರಿಯಲ್ಲಿ ನೆರಳಿಲ್ಲ, ಸೆಕೆ, ಕೊನೆಗೆ ಅದೇ ಏರು ಮತ್ತೊಮ್ಮೆ! ಅದಕ್ಕೆ ಕಾಲಲ್ಲಿ ಶಕ್ತಿ ಉಳಿಸಿಕೊಳ್ಳಿ. ಬೆಂಗಳೂರಿನ ತಂಪಿನಲ್ಲಷ್ಟೇ ಅಭ್ಯಾಸ ಮಾಡಿದರೆ ಸಾಲದು. ಮಂಗಳೂರಿನಲ್ಲಿ ನೆಂಟರಿದ್ದರೆ ಹೋಗಿ, ಅಲ್ಲಿನ ಬೆವರಿನಲ್ಲಿ ಎರಡು ಮೂರು ಉದ್ದದ ಓಟ ಓಡಿ. ನೀರಿನ ಜೊತೆ ಉಪ್ಪಿನಂಶವೂ ಬೇಕು, ಮರೀಬೇಡಿ.